ಎಲ್ಲ ಮಕ್ಕಳಿಗೂ ಜಾಗ ಇರುವ ತರಗತಿ: ಟೀಚರ್‌ಗಳ ತರಬೇತಿ ಹೇಗಿರಬೇಕು?

ಪೀಣ್ಯ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಪೀಣ್ಯದ ಹತ್ತಿರ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಈ ವರ್ಷ ನಮ್ಮ ಕ್ಲಸ್ಟರಿನ (ಹತ್ತಿರದ ಕೆಲವು ಶಾಲೆಗಳ ಗುಂಪಿನ) ತಿಂಗಳ ಸಮಾಲೋಚನಾ ಸಭೆಯಲ್ಲಿ ಒಂದು ಗಂಟೆಯನ್ನು ‘ಎಲ್ಲ ಮಕ್ಕಳನ್ನೂ ಒಳಗೊಳ್ಳುವ ತರಗತಿ’ಗೆ ಇಡೋಣ ಎಂದು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹೇಳಿದ್ದಾರೆ. ಆ ಗಂಟೆಯಲ್ಲಿ ಏನು ಮಾಡಬೇಕು ಅಂತ ಯೋಜನೆ ಹಾಕುವ ಕೆಲಸ ನನಗೂ ಇನ್ನಿಬ್ಬರು ಟೀಚರ್‌ಗಳಿಗೂ ಬಂದಿದೆ. ನಿಮ್ಮ ಸಲಹೆ ಬೇಕು.

ನಮ್ಮ ಏಳನೇ ತರಗತಿ ಹೇಗಿದೆ ಹೇಳುತ್ತೇನೆ. ಅರ್ಧದಷ್ಟು ಮಕ್ಕಳ ಅಪ್ಪ ಅಮ್ಮ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ, ಗಾರ್ಮೆಂಟ್ಸ್‌ಗೆ ಬಂದವರು. ಮನೆಯಲ್ಲಿ ತಮಿಳು, ತೆಲುಗು, ಉರ್ದು ಮಾತಾಡುವ ಮಕ್ಕಳಿದ್ದಾರೆ. ಬಿಹಾರದಿಂದ ಬಂದು ವರ್ಷದ ನಡುವೆ ಸೇರಿದವರಿಗೆ ಕನ್ನಡ ಇನ್ನೂ ಹತ್ತಿಲ್ಲ. ಒಬ್ಬ ಹುಡುಗನಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಒಬ್ಬಳು ಬಾಯಲ್ಲಿ ಕೇಳಿದರೆ ಪಟಪಟ ಉತ್ತರ ಹೇಳುತ್ತಾಳೆ, ಪುಸ್ತಕ ಕೊಟ್ಟರೆ ಎರಡು ಸಾಲು ಓದಲು ಒದ್ದಾಡುತ್ತಾಳೆ.

ಕಳೆದ ವರ್ಷ ಯಾದಗಿರಿಯಿಂದ ಹೊಸದಾಗಿ ಬಂದ ಹುಡುಗಿಯನ್ನು ‘ಏನು ಮಾಡ್ತಾ ಇದೀಯಮ್ಮಾ’ ಅಂತ ಕೇಳಿದೆ. ‘ಬರಿಲಾಕತ್ತೀನ್ರಿ ಸರ’ ಅಂದಳು. ಇಡೀ ತರಗತಿ ನಕ್ಕಿತು. ಆಮೇಲೆ ಎಷ್ಟೋ ದಿನ ಅವಳು ಬಾಯಿ ಬಿಡಲಿಲ್ಲ. ಹಾಜರಿ ಕೂಗಿದರೂ ಕೈ ಮಾತ್ರ ಎತ್ತುತ್ತಿದ್ದಳು. ನಕ್ಕ ಮಕ್ಕಳು ಕೆಟ್ಟವರಲ್ಲ. ಆದರೆ ಆ ಕ್ಷಣದಲ್ಲಿ ಟೀಚರ್ ಏನು ಮಾಡಬೇಕು, ಮರುದಿನ ಏನು ಮಾಡಬೇಕು ಅಂತ ನಾನು ಹೋದ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿಲ್ಲ. ಮಕ್ಕಳನ್ನು ಪ್ರೀತಿಸಿ, ಭೇದ ಮಾಡಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಸರಿ, ಹೇಗೆ?

ನನ್ನ ಅಭಿಪ್ರಾಯ ಇಷ್ಟು: ತರಗತಿಯಲ್ಲಿ ಪ್ರೀತಿ ಇರಬೇಕಾದರೆ ಟೀಚರ್ ಒಳ್ಳೆಯವರಾಗಿದ್ದರೆ ಸಾಲದು. ಮಕ್ಕಳನ್ನು ಕೂರಿಸುವ ರೀತಿ, ಕರೆಯುವ ರೀತಿ, ಪ್ರಶ್ನೆ ಕೇಳುವ ರೀತಿ, ಇಂಥ ದಿನನಿತ್ಯದ ಸಣ್ಣ ಕೆಲಸಗಳು ಸರಿಯಾಗಬೇಕು. ಇವನ್ನು ಕಲಿಯಬಹುದು, ಕಲಿಸಬಹುದು. ನಿಮ್ಮ ಶಾಲೆಯಲ್ಲಿ ಕೆಲಸಕ್ಕೆ ಬಂದದ್ದು ಏನಿದ್ದರೂ ಬರೆಯಿರಿ.

ನಲಿಕಲಿ_ಟೀಚರ್

ಸರ್, ನೀವು ಕೇಳುತ್ತಿರುವುದರಲ್ಲಿ ಸುಮಾರು ಭಾಗ ನಿಮ್ಮದೇ ಶಾಲೆಯ ಒಂದನೇ ತರಗತಿ ಕೋಣೆಯಲ್ಲಿದೆ. ಒಂದು ಸಲ ಹೋಗಿ ಕೂತು ನೋಡಿ.

ನಲಿ ಕಲಿಯಲ್ಲಿ (ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ) ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂರುತ್ತಾರೆ. ಈ ಗುಂಪುಗಳಿಗೆ ತಟ್ಟೆ ಅನ್ನುತ್ತೇವೆ, ಒಟ್ಟು ಐದು. ಮೊದಲನೆಯದರಲ್ಲಿ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಎರಡನೆಯದರಲ್ಲಿ ಸ್ವಲ್ಪ. ಮೂರು, ನಾಲ್ಕರಲ್ಲಿ ಜೊತೆಯ ಮಕ್ಕಳೇ ಸಹಾಯ ಮಾಡುತ್ತಾರೆ. ಐದನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಕಲಿಕಾ ಏಣಿಯಲ್ಲಿ (ಕಲಿಕೆಯ ಹಂತಗಳನ್ನು ಮೆಟ್ಟಿಲಾಗಿ ತೋರಿಸುವ ಚಾರ್ಟ್) ತಾನು ಎಲ್ಲಿದ್ದೇನೆ ಎಂದು ನೋಡಿಕೊಂಡು ತನ್ನ ಚಟುವಟಿಕೆಯ ಕಾರ್ಡ್ ತಾನೇ ತೆಗೆದುಕೊಳ್ಳುತ್ತದೆ. ಹದಿನೈದು ದಿನ ಊರಿಗೆ ಹೋಗಿ ಬಂದರೂ ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ‘ಹಿಂದೆ ಬಿದ್ದೆ’ ಅಂತ ಆ ಮಗುವಿಗೆ ಯಾರೂ ಹೇಳುವುದಿಲ್ಲ. ಜಾತ್ರೆ, ಸುಗ್ಗಿ ಅಂತ ಊರಿಗೆ ಹೋಗಿ ಬರುವ ವಲಸೆ ಮಕ್ಕಳಿಗೆ ಇದು ಎಷ್ಟು ದೊಡ್ಡ ಸಹಾಯ ಅಂತ ಹತ್ತಿರದಿಂದ ನೋಡಿದವರಿಗೆ ಗೊತ್ತು.

ಇದು ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಯುನಿಸೆಫ್ ಬೆಂಬಲದಿಂದ. ಆಂಧ್ರದ ರಿಷಿವ್ಯಾಲಿ ಶಾಲೆಗೆ ಟೀಚರ್‌ಗಳೇ ಹೋಗಿ ನೋಡಿ ಬಂದು, ತಾವೇ ಕೂತು ಕಾರ್ಡ್ ತಯಾರಿಸಿದರು. 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಮೊದಲು ಕಾರ್ಡ್ ಮಾಡಿದವರಿಗೆ ಯಾವ ಕಾರ್ಡ್ ಯಾಕೆ ಹಾಗಿದೆ ಅಂತ ಗೊತ್ತಿತ್ತು. ಆಮೇಲೆ ಬಂದ ನಮ್ಮಂಥವರಿಗೆ ಕಾರ್ಡ್ ಸಿಕ್ಕಿತು, ಅದರ ಹಿಂದಿನ ಯೋಚನೆ ಅಷ್ಟಾಗಿ ಸಿಗಲಿಲ್ಲ. ತರಬೇತಿ ಯೋಜಿಸುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ನಾಲ್ಕನೇ ತರಗತಿಗೆ ಹೋದ ತಕ್ಷಣ ಎಲ್ಲ ಬದಲು. ಬೆಂಚು, ಪಠ್ಯಪುಸ್ತಕ, ಎಲ್ಲರಿಗೂ ಒಂದೇ ಪುಟ. ಜೂನ್ ತಿಂಗಳಲ್ಲಿ ನನ್ನ ಹಳೇ ಮಕ್ಕಳು ಬಾಗಿಲಿಗೆ ಬಂದು ‘ಮಿಸ್, ನಾವು ಇಲ್ಲೇ ಕೂರ್ತೀವಿ’ ಅನ್ನುತ್ತಾರೆ. ನಿಮ್ಮ ಮೊದಲ ಸಭೆಗೆ ಹಾಲ್ ಬೇಡ. ನಾಲ್ಕು, ಐದನೇ ತರಗತಿಯ ಟೀಚರ್‌ಗಳು ಒಂದು ಬೆಳಿಗ್ಗೆ ನಲಿ ಕಲಿ ಕೋಣೆಯಲ್ಲಿ ಕೂರಲಿ.

ಜಯನಗರ_ಕೋಆರ್ಡಿನೇಟರ್

ನಾನು ಖಾಸಗಿ ಶಾಲೆಯಲ್ಲಿ ಕೋಆರ್ಡಿನೇಟರ್. ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ.

ನಮ್ಮಲ್ಲಿ ಒಂದು ಸೆಕ್ಷನ್‌ಗೆ 45 ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಐದನೇ ತರಗತಿವರೆಗೆ 30 ಮಕ್ಕಳಿಗೆ ಒಬ್ಬರು, ಆರರಿಂದ ಎಂಟಕ್ಕೆ 35 ಮಕ್ಕಳಿಗೆ ಒಬ್ಬರು ಟೀಚರ್ ಇರಬೇಕು. ಇಡೀ ಶಾಲೆಯ ಲೆಕ್ಕ ತೆಗೆದರೆ ಸರಿ ಕಾಣುತ್ತದೆ, ತರಗತಿ ಒಳಗೆ ಹೋಗಿ ನೋಡಿದರೆ ಹಾಗಿಲ್ಲ. ಟೀಚರ್ ಬೆಳಿಗ್ಗೆಯಿಂದ ಪೀರಿಯಡ್ ಮೇಲೆ ಪೀರಿಯಡ್ ತೆಗೆದುಕೊಂಡು, ನೋಟ್ಸ್ ತಿದ್ದಿ, ಆ್ಯಪ್‌ನಲ್ಲಿ ಹೋಂವರ್ಕ್ ಹಾಕಿ, ರಾತ್ರಿ ಪೋಷಕರ ವಾಟ್ಸಾಪ್‌ಗೂ ಉತ್ತರ ಕೊಡಬೇಕು. ರಜೆಯ ತಿಂಗಳಲ್ಲಿ ಸಂಬಳ ಬರುತ್ತೋ ಇಲ್ಲವೋ ಎಂಬ ಚಿಂತೆ ಬೇರೆ. ಇಂಥವರನ್ನು ಶನಿವಾರ ಕೂರಿಸಿ ಮಕ್ಕಳ ಜೊತೆ ಸಹನೆಯಿಂದ ಇರಿ ಎಂದರೆ, ಅವರ ಜೊತೆ ಸಹನೆಯಿಂದ ಇರುವವರು ಯಾರು?

ತರಬೇತಿ ಬೇಡ ಅನ್ನುತ್ತಿಲ್ಲ. ಹೊಸದೊಂದು ಸೇರಿಸುವಾಗ ಹಳೆಯದೊಂದು ತೆಗೆಯಿರಿ. ನಮ್ಮಲ್ಲಿ ವಾರದ ಟೆಸ್ಟನ್ನು ಹದಿನೈದು ದಿನಕ್ಕೊಮ್ಮೆ ಮಾಡಲು ಮ್ಯಾನೇಜ್‌ಮೆಂಟನ್ನು ಒಪ್ಪಿಸಿದೆವು. ಉಳಿದ ಸಮಯದಲ್ಲಿ ಒಂದೇ ಸೆಕ್ಷನ್‌ಗೆ ಹೋಗುವ ಟೀಚರ್‌ಗಳು ಒಟ್ಟಿಗೆ ಕೂತು ಮಕ್ಕಳ ಬಗ್ಗೆ ಮಾತಾಡುತ್ತಾರೆ. ಗಣಿತದಲ್ಲಿ ತಲೆ ಎತ್ತದ ಹುಡುಗ ಡ್ರಾಯಿಂಗ್ ಕ್ಲಾಸಿನಲ್ಲಿ ಹೇಗಿರುತ್ತಾನೆ ಅಂತ ಗಣಿತದ ಟೀಚರ್‌ಗೆ ಗೊತ್ತಾಗಿದ್ದು ಆ ಮಾತುಕತೆಯಲ್ಲೇ.

ಸಂಪನ್ಮೂಲ_ಶಿಕ್ಷಕಿ

ನಾನು ಬಿಐಇಆರ್‌ಟಿ, ಅಂದರೆ ಬ್ಲಾಕಿನ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕಿ. ಬ್ಲಾಕ್ ಮಟ್ಟದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಕೆಲಸ ನೋಡುತ್ತೇನೆ.

1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇದ್ದವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಆದವು. ಆಟಿಸಂ, ಕಲಿಕಾ ನ್ಯೂನತೆ ಪಟ್ಟಿಗೆ ಬಂದದ್ದು ಆಗಲೇ. ಇಂಥ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ ಒಬ್ಬರು, ಅದರ ಮೇಲೆ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಬೇಕು ಎಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲಿ ಹೇಳಿತು. ಆದರೆ ಬ್ಲಾಕಿಗೆ ನಾವು ಇರುವುದು ಕೆಲವೇ ಮಂದಿ. ಶಾಲೆಗೆ ಬರಲಾಗದ ಮಕ್ಕಳ ಮನೆಗೂ ನಾವೇ ಹೋಗಬೇಕು. ನಿಮ್ಮ ತರಗತಿಗೆ ನಾನು ಬರುವುದು ಯಾವಾಗಲೋ ಒಮ್ಮೆ. ಉಳಿದ ದಿನ ಆ ಮಗುವಿಗೆ ನೀವೇ ಗತಿ. ಅದಕ್ಕೇ ಈ ತರಬೇತಿ ಎಲ್ಲ ಟೀಚರ್‌ಗಳಿಗೂ ಬೇಕು.

ಮೇಷ್ಟ್ರೇ, ಕಿವಿ ಕೇಳಿಸದ ಹುಡುಗನ ವಿಷಯ ಮೊದಲು. ಯಾವ ಕಿವಿ ಚೆನ್ನಾಗಿದೆ ಅಂತ ಅವನನ್ನೇ ಕೇಳಿ, ಆ ಕಿವಿ ನಿಮ್ಮ ಕಡೆ ಇರುವ ಹಾಗೆ ಮುಂದೆ ಕೂರಿಸಿ. ರಸ್ತೆ ಕಡೆಯ ಕಿಟಕಿ ಪಕ್ಕ ಬೇಡ. ಕಿಟಕಿಗೆ ಬೆನ್ನು ಹಾಕಿ ನೀವು ಪಾಠ ಮಾಡಬೇಡಿ, ಬೆಳಕು ಹಿಂದಿನಿಂದ ಬಂದರೆ ನಿಮ್ಮ ತುಟಿ ಅವನಿಗೆ ಕಾಣುವುದಿಲ್ಲ. ಬೋರ್ಡ್ ಮೇಲೆ ಬರೆಯುತ್ತಾ ಮಾತಾಡಬೇಡಿ. ಬರೆದು ಮುಗಿಸಿ, ತಿರುಗಿ, ಆಮೇಲೆ ಹೇಳಿ. ಹಿಂದಿನ ಬೆಂಚಿನ ಮಗು ಉತ್ತರ ಕೊಟ್ಟಾಗ ಅದನ್ನು ನೀವು ಮತ್ತೊಮ್ಮೆ ಹೇಳಿ. ಅವನಿಗೆ ಹಿಯರಿಂಗ್ ಏಡ್ ಇದ್ದರೆ ಬ್ಯಾಟರಿ ನಡೆಯುತ್ತಿದೆಯಾ ಅಂತ ಬೆಳಿಗ್ಗೆ ಕೇಳಿ. ಬ್ಯಾಟರಿ ಮುಗಿದು ವಾರಗಟ್ಟಲೆ ಸುಮ್ನೆ ಕಿವಿಗೆ ಸಿಕ್ಕಿಸಿಕೊಂಡು ಬರುವ ಮಕ್ಕಳನ್ನು ನಾನು ತುಂಬಾ ನೋಡಿದ್ದೇನೆ. ಹೊಸ ಬ್ಯಾಟರಿ ಕೇಳಿದರೆ ಮನೆಯಲ್ಲಿ ಕಷ್ಟ ಅಂತ ಅವು ಕೇಳುವುದಿಲ್ಲ.

ಸಭೆಯಲ್ಲಿ ಇದನ್ನು ಬಾಯಲ್ಲಿ ಹೇಳಬೇಡಿ, ಮಾಡಿಸಿ. ಫ್ಯಾನ್ ಹಾಕಿ, ಕಿಟಕಿ ತೆಗೆದು, ಒಬ್ಬ ಟೀಚರ್ ಬೋರ್ಡಿಗೆ ಮುಖ ಮಾಡಿ ಹೊಸ ಪಾಠ ಹೇಳಲಿ. ಕೊನೇ ಬೆಂಚಿನಲ್ಲಿ ಕೂತವರು ಕೇಳಿಸಿದ್ದನ್ನು ಬರೆಯಲಿ. ಆಮೇಲೆ ಅದನ್ನೇ ತಿರುಗಿ ನಿಂತು ಹೇಳಲಿ. ಎರಡನ್ನೂ ಹೋಲಿಸಿ ನೋಡಿ.

ಇನ್ನು ಓದಲು ಒದ್ದಾಡುವ ಹುಡುಗಿ. ಮೊದಲು ಕಣ್ಣು ಪರೀಕ್ಷೆ ಆಗಿದೆಯಾ ನೋಡಿ, ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡ ಶಾಲೆಗೆ ಬಂದಾಗ ಅವಳನ್ನು ತಪ್ಪದೇ ತೋರಿಸಿ. ಡಿಸ್ಲೆಕ್ಸಿಯಾ (ಓದುವುದರಲ್ಲಿನ ಕಲಿಕಾ ನ್ಯೂನತೆ) ಅಂತ ನೀವೇ ಹೆಸರಿಡಬೇಡಿ, ಅದನ್ನು ಪರೀಕ್ಷೆ ಮಾಡುವವರು ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿದ್ದಾರೆ. ಕನ್ನಡ ಓದು ಕಲಿಯಲು ಎಲ್ಲ ಮಕ್ಕಳಿಗೂ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಸಮಯ ಬೇಕು. ಸ್ವರ, ವ್ಯಂಜನ, ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ರೂಪಗಳು. ಇದು ನಾಲ್ಕನೇ ತರಗತಿವರೆಗೂ ಮುಂದುವರಿಯುವ ಕಲಿಕೆ ಎಂದು ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ನಾವು ಒಂದನೇ ತರಗತಿ ಮುಗಿಯುವಷ್ಟರಲ್ಲಿ ಎಲ್ಲ ಬರಬೇಕು ಅಂತ ಆತುರ ಪಡುತ್ತೇವೆ. ಒತ್ತಕ್ಷರ ಕೈಗೆ ಬರದೆ ಉಳಿದ ಮಗು ಐದು, ಆರನೇ ತರಗತಿಗೆ ಬಂದಾಗ ಸಮಾಜ ವಿಜ್ಞಾನದಲ್ಲೂ ಫೇಲಾಗುತ್ತದೆ. ಆ ಮಗುವಿಗೆ ವಿಷಯ ಗೊತ್ತಿರುತ್ತದೆ.

ನೀವು ನಾಳೆಯಿಂದಲೇ ಮಾಡಬಹುದಾದ್ದು: ಅವಳನ್ನು ಏಕಾಏಕಿ ಎಬ್ಬಿಸಿ ಓದು ಅನ್ನಬೇಡಿ. ಓದಿಸಲೇಬೇಕು ಅಂದರೆ ಯಾವ ಪ್ಯಾರಾ ಅಂತ ಹಿಂದಿನ ದಿನವೇ ಹೇಳಿ. ಉತ್ತರವನ್ನು ಬಾಯಲ್ಲಿ ಕೇಳಿ ಅಂಕ ಕೊಡಿ. ಸಮಾಜ ವಿಜ್ಞಾನದ ಉತ್ತರದಲ್ಲಿ ಕಾಗುಣಿತದ ತಪ್ಪಿಗೆ ಅಂಕ ಕಳೆಯಬೇಡಿ.

ಮಗಳ_ಅಪ್ಪ

ಮೇಷ್ಟ್ರುಗಳ ನಡುವೆ ಮಾತಾಡ್ತಿದೀನಿ, ಕ್ಷಮಿಸಿ. ನಾನು ಆಟೋ ಓಡಿಸುತ್ತೇನೆ, ಲಗ್ಗೆರೆಯಲ್ಲಿ ಮನೆ. ಮಗಳು 2018ರಲ್ಲಿ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆಯ ಉಚಿತ) ಸೀಟಿನಲ್ಲಿ ಒಂದು ಖಾಸಗಿ ಶಾಲೆಗೆ ಎಲ್‌ಕೆಜಿಗೆ ಸೇರಿದಳು. ಮರುವರ್ಷ ನಿಯಮ ಬದಲಾಗಿ, ಹತ್ತಿರದಲ್ಲಿ ಸರ್ಕಾರಿ, ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಇಲ್ಲ ಎಂದಾಯಿತು. ಹಾಗಾಗಿ ನನ್ನ ಚಿಕ್ಕವನಿಗೆ ಸಿಗಲಿಲ್ಲ.

ಟೀಚರ್‌ಗಳು ಒಳ್ಳೆಯವರೇ. ಆದರೆ ಪುಸ್ತಕ ಕೊಡುವ ದಿನ ಆಫೀಸಿನವರು ತರಗತಿಗೆ ಬಂದು ‘ಆರ್‌ಟಿಇ ಮಕ್ಕಳು ಎದ್ದು ನಿಲ್ಲಿ’ ಅಂತಾರೆ. ವರ್ಷಾ ವರ್ಷಾ ಇದೇ. ಟ್ರಿಪ್‌ಗೆ ದುಡ್ಡು ಕೊಡದವರ ಹೆಸರು ಎಲ್ಲರ ಎದುರು ಓದುತ್ತಾರೆ. ಮಗಳು ಸಣ್ಣವಳಿದ್ದಾಗ ಅಪ್ಪಾ ಆರ್‌ಟಿಇ ಅಂದ್ರೆ ಏನು ಅಂತ ಕೇಳಿದ್ದಳು. ಈಗ ಕೇಳುವುದಿಲ್ಲ. ಪುಸ್ತಕ ಕೊಡುವ ದಿನ ಹೊಟ್ಟೆನೋವು ಅಂತ ಮನೆಯಲ್ಲೇ ಉಳಿಯುತ್ತಾಳೆ.

ತರಬೇತಿ ಕೊಡುವುದಾದರೆ ಆಫೀಸಿನವರಿಗೂ, ಆಯಾಗಳಿಗೂ, ಸ್ಕೂಲ್ ವ್ಯಾನ್ ಡ್ರೈವರ್‌ಗೂ ಕೊಡಿ. ಮಕ್ಕಳ ಜೊತೆ ಮಾತಾಡುವವರು ಟೀಚರ್ ಒಬ್ಬರೇ ಅಲ್ಲ.

ಜಯನಗರ_ಕೋಆರ್ಡಿನೇಟರ್

ಅಣ್ಣ, ಕ್ಷಮೆ ಕೇಳಬೇಡಿ. ನೀವು ಬರೆದದ್ದು ನಮಗೆಲ್ಲ ಬೇಕಾದ ಮಾತು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಅದೇ ಆರ್‌ಟಿಇ ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಮಗು ಮುಖ ಮುಚ್ಚಿಕೊಳ್ಳುವ ಹಾಗೆ ಎದ್ದು ನಿಲ್ಲಿಸುವುದು ಹಿಂಸೆಯೇ. ನಾವು ಪುಸ್ತಕದ ಕಟ್ಟನ್ನು ಮಗುವಿನ ಹೆಸರು ಬರೆದು ಎಲ್ಲರಿಗೂ ಒಂದೇ ಥರ ಕೊಡುತ್ತೇವೆ. ಲೆಕ್ಕ ಏನಿದ್ದರೂ ಆಫೀಸಿನ ಕಂಪ್ಯೂಟರಿನಲ್ಲಿ ಇರಲಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ನಿಮ್ಮ ಶಾಲೆಯ ಪ್ರಿನ್ಸಿಪಾಲರಿಗೆ ಇದನ್ನು ಬರವಣಿಗೆಯಲ್ಲಿ ಕೊಡಿ, ನಾಲ್ಕೈದು ಪೋಷಕರು ಒಟ್ಟಿಗೆ ಸಹಿ ಮಾಡಿದರೆ ಇನ್ನೂ ಒಳ್ಳೆಯದು.

ಹಳೇ_ವಿದ್ಯಾರ್ಥಿ

ನನಗೆ ಹುಟ್ಟಿನಿಂದ ದೃಷ್ಟಿ ಕಡಿಮೆ. ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಸ್ಕ್ರೀನ್ ರೀಡರ್ (ಪರದೆಯ ಮೇಲಿನದನ್ನು ಓದಿ ಹೇಳುವ ಸಾಫ್ಟ್‌ವೇರ್) ಬಳಸುತ್ತೇನೆ. ಇದನ್ನು ಓದುತ್ತಿರುವುದೂ ಹಾಗೆಯೇ.

ನನ್ನ ಗಣಿತದ ಮಿಸ್ ಬೋರ್ಡ್ ಮೇಲೆ ಬರೆಯುವಾಗ ಪ್ರತಿಯೊಂದನ್ನೂ ಬಾಯಲ್ಲಿ ಹೇಳುತ್ತಿದ್ದರು. ‘ಇಲ್ಲಿ, ಇದನ್ನು, ಅಲ್ಲಿಗೆ’ ಅನ್ನುತ್ತಿರಲಿಲ್ಲ. ‘ಎಡಗಡೆಯ ಮೂರನ್ನು ಬಲಗಡೆಗೆ ತಂದರೆ ಕಳೆಯುವುದು ಆಗುತ್ತದೆ’ ಅನ್ನುತ್ತಿದ್ದರು. ನನ್ನ ಹೆಸರು ಎತ್ತಿ ‘ಇವನಿಗೋಸ್ಕರ’ ಅಂತ ಒಂದು ದಿನವೂ ಹೇಳಲಿಲ್ಲ. ಇಡೀ ತರಗತಿಗೆ ಅದರಿಂದ ಗಣಿತ ಸುಲಭವಾಯಿತು. (ಸಂಪನ್ಮೂಲ ಮೇಡಂ ಹೇಳಿದ್ದಕ್ಕೆ ಇದು ಉಲ್ಟಾ ಅನ್ನಿಸಬಹುದು. ಎರಡೂ ಥರದ ಮಕ್ಕಳಿದ್ದರೆ ಒಂದು ಸಾಲು ಬರೆದು, ತಿರುಗಿ, ಅದನ್ನು ಹೇಳಿದರೆ ಆಯಿತು.)

ಪಿಟಿ ಪೀರಿಯಡ್‌ನಲ್ಲಿ ಮಾತ್ರ ನನ್ನನ್ನು ಮರದ ಕೆಳಗೆ ಕೂರಿಸಿ ಎಲ್ಲರ ಚಪ್ಪಲಿ, ವಾಟರ್ ಬಾಟಲ್ ಕಾಯಲು ಹೇಳುತ್ತಿದ್ದರು. ದಯವಿಟ್ಟು ನಿಮ್ಮ ತರಬೇತಿಗೆ ಪಿಟಿ ಟೀಚರ್‌ಗಳನ್ನೂ ಕರೆಯಿರಿ.

ಯಲಹಂಕ_ಹೈಸ್ಕೂಲ್

ತರಗತಿಯಲ್ಲಿ ಮಾಡಿ ನೋಡಿದ ಎರಡು ವಿಷಯ ಬರೆಯುತ್ತೇನೆ.

ಒಂದು, ಕಾಯುವುದು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಎಂಬುವರು 1970ರ ದಶಕದಲ್ಲಿ ತರಗತಿಗಳನ್ನು ರೆಕಾರ್ಡ್ ಮಾಡಿ ಕೇಳಿದರು. ಟೀಚರ್‌ಗಳು ಪ್ರಶ್ನೆ ಕೇಳಿ ಉತ್ತರಕ್ಕೆ ಸರಾಸರಿ ಒಂದು ಸೆಕೆಂಡಿನಷ್ಟು ಕಾಯುತ್ತಿದ್ದರು. ಮೂರು ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿರುತ್ತಿದ್ದ ಮಕ್ಕಳೂ ಮಾತಾಡುತ್ತಾರೆ ಅಂತ ಕಂಡುಬಂತು. ಮನೆಯಲ್ಲಿ ಬೇರೆ ಭಾಷೆ ಆಡುವ ಮಗು ಪ್ರಶ್ನೆಯನ್ನು ತನ್ನ ಭಾಷೆಗೆ ತಂದು, ಯೋಚಿಸಿ, ಮತ್ತೆ ಕನ್ನಡಕ್ಕೆ ತರಬೇಕು. ಒಂದು ಸೆಕೆಂಡ್ ಯಾತಕ್ಕೆ ಸಾಕು? ನಾನು ‘ಯಾರೂ ಈಗಲೇ ಕೈ ಎತ್ತಬೇಡಿ, ಯೋಚಿಸಿ’ ಅಂದು ಮನಸ್ಸಿನಲ್ಲೇ ಮೂರು ಎಣಿಸುತ್ತೇನೆ. ಮೊದಮೊದಲು ಆ ಮೌನ ನಮಗೇ ಕಷ್ಟ.

ಇನ್ನೊಂದು ಜಿಗ್ಸಾ. ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಕರಿಯ, ಬಿಳಿಯ, ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದಾಗ ಜಗಳ ಶುರುವಾಯಿತು. ಆಗ 1971ರಲ್ಲಿ ಎಲಿಯಟ್ ಅರಾನ್‌ಸನ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ರೂಪಿಸಿದರು. ಪಾಠವನ್ನು ಭಾಗ ಮಾಡಿ, ಗುಂಪಿನ ಪ್ರತಿ ಮಗುವಿಗೂ ಒಂದೊಂದು ಭಾಗ ಕೊಡುವುದು. ಒಬ್ಬರ ಭಾಗ ಇನ್ನೊಬ್ಬರ ಹತ್ತಿರ ಇರುವುದಿಲ್ಲ. ಹಾಗಾಗಿ ಅವರು ಹೇಳುವುದನ್ನು ಎಲ್ಲರೂ ಕೇಳಲೇಬೇಕು.

ವಿಜಯನಗರದ ಪಾಠವನ್ನು ರಾಜರು, ಕೆರೆ ಕಾಲುವೆ, ವ್ಯಾಪಾರ, ಕಟ್ಟಡ ಅಂತ ನಾಲ್ಕು ಮಾಡಿ ಕೊಟ್ಟೆ. ಮೊದಲು ಒಂದೇ ಭಾಗ ಸಿಕ್ಕವರೆಲ್ಲ ಒಂದೆಡೆ ಕೂತು ಓದಿ ಚರ್ಚಿಸುತ್ತಾರೆ. ಆಮೇಲೆ ತಮ್ಮ ತಮ್ಮ ಗುಂಪಿಗೆ ಹೋಗಿ ಹೇಳುತ್ತಾರೆ. ಓದು ನಿಧಾನ ಇರುವ ಮಗುವಿಗೆ ಆ ಮೊದಲ ಚರ್ಚೆಯಲ್ಲೇ ವಿಷಯ ಸಿಕ್ಕಿಬಿಡುತ್ತದೆ. ಕೆರೆ ಕಾಲುವೆ ಸಿಕ್ಕ ಒಬ್ಬ ಹುಡುಗ, ರಾಯಚೂರು ಕಡೆಯವನು, ತೂಬು ಅಂದರೇನು, ನೀರು ಬಿಡುವ ದಿನ ಊರಲ್ಲಿ ಏನಾಗುತ್ತದೆ ಅಂತ ತನ್ನ ತಾತನ ಹೊಲದ ವಿಷಯ ಸೇರಿಸಿ ಹೇಳಿದ. ಬೆಂಗಳೂರಲ್ಲೇ ಹುಟ್ಟಿದ ಮಕ್ಕಳು ಅವನನ್ನು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ಅವನ ಮಾತಿನ ಧಾಟಿಗೆ ಆ ದಿನ ಯಾರೂ ನಗಲಿಲ್ಲ.

ಒಂದು ಎಚ್ಚರ: ಬೇಗ ಓದುವ ಮಕ್ಕಳು ಮೊದಮೊದಲು ಸಿಡುಕುತ್ತಾರೆ. ‘ಅವಳಿಗೆ ಹೇಳಕ್ಕೆ ಬರಲ್ಲ, ನಾನೇ ಹೇಳ್ತೀನಿ’ ಅನ್ನುತ್ತಾರೆ. ‘ಹೇಳು ಅಂತ ಒತ್ತಾಯ ಬೇಡ, ಪ್ರಶ್ನೆ ಕೇಳಿ ಸಹಾಯ ಮಾಡು’ ಅಂತ ಅವರಿಗೂ ಕಲಿಸಬೇಕು.

ರಾಯಚೂರು_ಟು_ಕೆಂಗೇರಿ

ಮೇಷ್ಟ್ರೇ, ನಗೆಯ ಪ್ರಶ್ನೆಗೆ ಇನ್ನೂ ಯಾರೂ ನೇರವಾಗಿ ಉತ್ತರ ಕೊಟ್ಟಿಲ್ಲ. ನಾನೂ ಆ ಕಡೆಯವಳು, ಈಗ ಕೆಂಗೇರಿಯಲ್ಲಿ ಟೀಚರ್.

ಆ ಕ್ಷಣದಲ್ಲಿ ಇಡೀ ತರಗತಿಗೆ ಉದ್ದ ಬೈಗುಳ ಬೇಡ. ಬೈದರೆ ಎಲ್ಲರ ಕಣ್ಣೂ ಮತ್ತೆ ಆ ಹುಡುಗಿ ಮೇಲೆ ಹೋಗುತ್ತದೆ, ಇವಳಿಂದ ನಮಗೆ ಬೈಗುಳ ಬಿತ್ತು ಅಂತಾಗುತ್ತದೆ. ನಕ್ಕವರ ಕಡೆ ಒಮ್ಮೆ ನೋಡಿ, ‘ಅವಳು ಮಾತಾಡ್ತಿದ್ದಾಳೆ, ಕೇಳಿ’ ಅಂತ ಮೆಲ್ಲಗೆ ಹೇಳಿ. ತಕ್ಷಣ ಅವಳ ಕಡೆ ತಿರುಗಿ, ‘ಎಷ್ಟು ಬರೆದೆಯಮ್ಮ, ತೋರಿಸು’ ಅಂತ ಮಾತು ಮುಂದುವರಿಸಿ. ಅವಳ ಮಾತಿಗೆ ಉತ್ತರ ಸಿಕ್ಕಿತು ಅನ್ನುವುದು ಅವಳಿಗೆ ಗೊತ್ತಾಗಬೇಕು. ನಕ್ಕವರಲ್ಲಿ ಮುಂದಾಳು ಯಾರು ಅಂತ ನಿಮಗೆ ಗೊತ್ತಿರುತ್ತದೆ. ಊಟದ ಹೊತ್ತಿನಲ್ಲಿ ಅವನನ್ನು ಒಬ್ಬನನ್ನೇ ಕರೆದು ಮಾತಾಡಿ.

ಮರುದಿನ ಅವಳನ್ನು ಎಬ್ಬಿಸಿ ‘ನಿಮ್ಮ ಊರ ಭಾಷೆ ಮಾತಾಡಿ ತೋರಿಸು’ ಅಂತ ಮಾತ್ರ ಅನ್ನಬೇಡಿ. ಒಳ್ಳೆ ಮನಸ್ಸಿನಿಂದಲೇ ಟೀಚರ್‌ಗಳು ಹಾಗೆ ಮಾಡುತ್ತಾರೆ, ಮಗು ಪ್ರದರ್ಶನದ ವಸ್ತು ಆಗಿಬಿಡುತ್ತದೆ. ಅದರ ಬದಲು ನಾಲ್ಕು ಮಕ್ಕಳ ಸಣ್ಣ ಗುಂಪಿನಲ್ಲಿ ಅವಳಿಗೆ ಒಂದು ಕೆಲಸ ಕೊಡಿ. ದೊಡ್ಡ ತರಗತಿಯಲ್ಲಿ ಮಾತು ನಿಂತ ಮಗು ಸಣ್ಣ ಗುಂಪಿನಲ್ಲಿ ಬೇಗ ಮಾತಾಡುತ್ತದೆ. ಟೀಚರ್‌ಗಳೂ ಗಮನಿಸಬೇಕು. ‘ಸರಿಯಾಗಿ ಕನ್ನಡ ಮಾತಾಡು’ ಅಂತ ನಾವೇ ತಿದ್ದುತ್ತಿದ್ದರೆ ಮಕ್ಕಳು ನಗುವುದನ್ನು ಕಲಿತದ್ದು ನಮ್ಮಿಂದಲೇ.

ನಿವೃತ್ತ_ಉಪನ್ಯಾಸಕ

ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ತರಬೇತಿಗಳು ಯಾಕೆ ತರಗತಿ ಮುಟ್ಟುವುದಿಲ್ಲ ಅಂತ ಒಳಗಿನಿಂದ ನೋಡಿದ್ದನ್ನು ಹೇಳುತ್ತೇನೆ.

ಬನಶಂಕರಿಯ ಡಿಎಸ್‌ಇಆರ್‌ಟಿಯಲ್ಲಿ (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ತರಬೇತಿ ಸಾಹಿತ್ಯ ತಯಾರಾಗುತ್ತದೆ. ಅಲ್ಲಿ ಕಲಿತವರು ಜಿಲ್ಲೆಗೆ, ಜಿಲ್ಲೆಯಲ್ಲಿ ಕಲಿತವರು ಬ್ಲಾಕಿಗೆ, ಅಲ್ಲಿಂದ ಕ್ಲಸ್ಟರಿಗೆ. ಕೆರೆಯಿಂದ ಬಿಟ್ಟ ನೀರು ಕೊನೇ ಗದ್ದೆಗೆ ಬರುವಷ್ಟರಲ್ಲಿ ಬತ್ತಿದ ಹಾಗೆ ಇಳಿಯುತ್ತಾ ಇಳಿಯುತ್ತಾ ವಿಷಯ ಸೋರಿಹೋಗುತ್ತದೆ. ಮೊದಲ ಹಂತದಲ್ಲಿ ಐದು ದಿನ ಇದ್ದದ್ದು ಕೊನೆಗೆ ಒಂದು ದಿನವಾಗುತ್ತದೆ. ಟೀಚರ್ ಓಓಡಿ (ಅನ್ಯ ಕರ್ತವ್ಯದ ರಜೆ) ಹಾಕಿ ಬಂದು, ಸಹಿ ಮಾಡಿ, ಚಾರ್ಟ್ ಬರೆದು, ಪ್ರಾರ್ಥನೆಯಿಂದ ವಂದನಾರ್ಪಣೆವರೆಗೆ ಕೂತು ಹೋಗುತ್ತಾರೆ. ಮರುದಿನ ಅವರ ತರಗತಿಯಲ್ಲಿ ಏನಾಯಿತು ಅಂತ ನೋಡುವವರಿಲ್ಲ.

ಪ್ರಯತ್ನಗಳು ನಡೆದಿಲ್ಲ ಅಂತಲ್ಲ. ರಾಜ್ಯದ ಗುರುಚೇತನ ತರಬೇತಿಯಲ್ಲಿ ಟೀಚರ್ ತನಗೆ ಬೇಕಾದ ಮಾಡ್ಯೂಲ್ ಆರಿಸಿಕೊಳ್ಳಬಹುದಿತ್ತು, ಅದು ಒಳ್ಳೆಯ ಹೆಜ್ಜೆ. 2019ರ ಆಗಸ್ಟಿನಲ್ಲಿ ಕೇಂದ್ರದ ನಿಷ್ಠಾ ಶಿಕ್ಷಕರ ತರಬೇತಿ ಬಂತು, ಕೊರೊನಾ ಕಾಲದಲ್ಲಿ ಅದು ಆನ್‌ಲೈನ್ ಕಲಿಕೆಯ ದೀಕ್ಷಾ ಆ್ಯಪ್‌ಗೆ ಹೋಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆ ವೃತ್ತಿ ಕಲಿಕೆ ಬೇಕು ಎನ್ನುತ್ತದೆ. ಬಿ.ಎಡ್. 2015ರಿಂದ ಎರಡು ವರ್ಷವಾದಾಗ ಒಳಗೊಳ್ಳುವ ಶಾಲೆಯ ಬಗ್ಗೆಯೇ ಪಠ್ಯಕ್ರಮದಲ್ಲಿ ಒಂದು ಪತ್ರಿಕೆ ಬಂತು. ಹಾಗಾಗಿ ಹೊಸ ಟೀಚರ್‌ಗಳಿಗೆ ಮಾತುಗಳೆಲ್ಲ ಗೊತ್ತು. ಎದುರಿಗೆ ಅಳುತ್ತಿರುವ ಮಗು ಬಂದಾಗ ಏನು ಮಾಡಬೇಕು ಅನ್ನುವುದಕ್ಕೆ ಮಾತ್ರ ಪಕ್ಕದಲ್ಲಿ ಒಬ್ಬ ಅನುಭವಸ್ಥರು ಬೇಕು.

ಮೇಷ್ಟ್ರೇ, ನಿಮ್ಮ ಹತ್ತಿರ ತಿಂಗಳಿಗೊಂದು ಗಂಟೆ ಇದೆ. ಅದು ಕಡಿಮೆ ಅನ್ನಿಸಬಹುದು, ಆದರೆ ಅದೇ ಜನ ಪ್ರತಿ ತಿಂಗಳೂ ಸೇರುತ್ತೀರಿ. ಯಾವ ದೊಡ್ಡ ತರಬೇತಿಗೂ ಆ ಭಾಗ್ಯ ಇಲ್ಲ. ಹೀಗೆ ಮಾಡಿ. ಒಂದು ಸಭೆಗೆ ಒಂದೇ ಅಭ್ಯಾಸ. ಯಲಹಂಕದ ಮೇಡಂ ಹೇಳಿದ ಮೂರು ಸೆಕೆಂಡ್ ಅನ್ನೇ ತೆಗೆದುಕೊಳ್ಳಿ. ಸಭೆಯಲ್ಲೇ ಟೀಚರ್‌ಗಳು ಜೋಡಿಯಾಗಿ ಮಾಡಿ ನೋಡಲಿ. ತಿಂಗಳಿಡೀ ತರಗತಿಯಲ್ಲಿ ಮಾಡಲಿ. ನಡುವೆ ಒಂದು ಪೀರಿಯಡ್ ಸಹೋದ್ಯೋಗಿ ಬಂದು ಹಿಂದೆ ಕೂರಲಿ. ಅವರು ಟೀಚರನ್ನು ಅಳೆಯುವುದು ಬೇಡ. ಎರಡೋ ಮೂರೋ ಮಕ್ಕಳನ್ನು ಮಾತ್ರ ನೋಡಿ, ಆ ಮಗು ಯಾವಾಗ ಮಾತಾಡಿತು, ಯಾರ ಜೊತೆ ಕೂತಿತು, ಟೀಚರ್ ಎಷ್ಟು ಸಲ ಅದರ ಹೆಸರು ಹಿಡಿದು ಕರೆದರು ಅಂತ ಬರೆಯಲಿ. ಆ ಹಾಳೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಬಾರದು. ಹೋದರೆ ಯಾರೂ ಬಾಗಿಲು ತೆರೆಯುವುದಿಲ್ಲ. ಮುಂದಿನ ಸಭೆ ಆ ಹಾಳೆಗಳ ಮೇಲಿನ ಮಾತಿನಿಂದಲೇ ಶುರುವಾಗಲಿ. ಹೆಡ್‌ಮಾಸ್ಟರ್‌ಗಳೂ ಕೂರಲಿ. ಸಹೋದ್ಯೋಗಿ ತರಗತಿಗೆ ಬರುವ ಪೀರಿಯಡ್‌ಗೆ ಬದಲಿ ವ್ಯವಸ್ಥೆ ಮಾಡಬೇಕಾದವರು ಅವರೇ.

ಅಮ್ಮ_ಬನಶಂಕರಿ

ನನ್ನ ಮಗನಿಗೆ ಆಟಿಸಂ. ಮೂರನೇ ತರಗತಿ. ಮೊದಲಿದ್ದ ಶಾಲೆಯಲ್ಲಿ ‘ಶ್ಯಾಡೋ ಟೀಚರ್ ಅನ್ನು ನಿಮ್ಮ ಖರ್ಚಲ್ಲಿ ತನ್ನಿ, ಇಲ್ಲಾಂದ್ರೆ ಕಷ್ಟ’ ಅಂದರು. ಅಂದರೆ ಮಗುವಿನ ಪಕ್ಕದಲ್ಲೇ ಕೂತು ಸಹಾಯ ಮಾಡುವವರು. ಈಗಿನ ಶಾಲೆಯಲ್ಲಿ ಅಂಥ ವಿಶೇಷ ವ್ಯವಸ್ಥೆ ಏನೂ ಇಲ್ಲ, ಒಬ್ಬ ಮಿಸ್ ಇದ್ದಾರೆ.

ಅವರು ಮಾಡಿದ್ದು: ದಿನದ ಪೀರಿಯಡ್‌ಗಳನ್ನು ಚಿತ್ರದಲ್ಲಿ ಬರೆದು ಗೋಡೆಗೆ ಹಾಕಿದರು. ಮುಗಿದ ಚಿತ್ರವನ್ನು ಮಗುವೇ ತಿರುಗಿಸಿ ಇಡುತ್ತಾನೆ. ಬೆಲ್ ಹೊಡೆಯುವ ಐದು ನಿಮಿಷ ಮೊದಲು ‘ಇನ್ನು ಆಟ, ಆಮೇಲೆ ಇಂಗ್ಲಿಷ್’ ಅಂತ ಅವನ ಹತ್ತಿರ ಬಂದು ಹೇಳುತ್ತಾರೆ. ಶಬ್ದ ಜಾಸ್ತಿಯಾದರೆ ಲೈಬ್ರರಿ ಮೂಲೆಗೆ ಹೋಗಿ ಕೂರಲು ಅವನಿಗೆ ಅನುಮತಿ ಇದೆ, ಶಿಕ್ಷೆ ಅಂತಲ್ಲ. ಬೇರೆ ಮಕ್ಕಳೂ ಬೇಜಾರಾದಾಗ ಆ ಮೂಲೆಗೆ ಹೋಗುತ್ತಾರೆ. ಪ್ರತಿಭಾ ಕಾರಂಜಿಯ ದಿನ ಅವನು ಕಿವಿ ಮುಚ್ಚಿಕೊಂಡಾಗ ಪಕ್ಕದ ಹುಡುಗಿ ತಾನಾಗಿ ಕೈ ಹಿಡಿದು ಆ ಮೂಲೆಗೆ ಕರೆದುಕೊಂಡು ಹೋದಳು. ಅವಳಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ಮಿಸ್ ಮಾಡುವುದನ್ನು ನೋಡಿದ್ದಳು ಅಷ್ಟೇ.

ಕುತೂಹಲಿ_ಪೋಷಕ

ಅಕ್ಕ, ನೋಯಿಸಲು ಕೇಳುತ್ತಿಲ್ಲ. ಇಂಥ ಮಕ್ಕಳಿಗೆ ವಿಶೇಷ ಶಾಲೆಯಲ್ಲಿ ಹೆಚ್ಚು ಗಮನ ಸಿಗುವುದಿಲ್ಲವೇ? ಉಳಿದ 40 ಮಕ್ಕಳ ಪಾಠ ನಿಲ್ಲುವುದಿಲ್ಲವೇ?

ಅಮ್ಮ_ಬನಶಂಕರಿ

ಕೆಲವು ಮಕ್ಕಳಿಗೆ ವಿಶೇಷ ಶಾಲೆಯೇ ಸರಿ, ಅದನ್ನು ಅಪ್ಪ ಅಮ್ಮ ಮತ್ತು ಡಾಕ್ಟರ್ ಸೇರಿ ನೋಡಬೇಕು. ಆದರೆ ನಮ್ಮ ಬೀದಿಯ ಶಾಲೆಗೆ ಹೋಗುವುದು ಅವನ ಹಕ್ಕು. ದೊಡ್ಡವನಾದ ಮೇಲೆ ಅವನು ಬದುಕಬೇಕಾದದ್ದು ಈ ಊರಿನ ಎಲ್ಲರ ಜೊತೆ, ಅಲ್ವಾ? ಪಾಠ ನಿಲ್ಲುತ್ತದಾ ಅಂತ ಆ ತರಗತಿಯ ಬೇರೆ ಪೋಷಕರನ್ನೇ ಕೇಳಿ. ಚಿತ್ರದ ಟೈಮ್‌ಟೇಬಲ್ ಬಂದ ಮೇಲೆ ಎಲ್ಲ ಮಕ್ಕಳೂ ಪುಸ್ತಕ ತಾವೇ ತೆಗೆದಿಡುತ್ತಾರೆ ಅಂತ ಅವರೇ ಹೇಳುತ್ತಾರೆ.

ಶಿವಾಜಿನಗರ_ಟೀಚರ್

ಇಲ್ಲಿವರೆಗೆ ಯಾರೂ ಜಾತಿಯ ಮಾತು ಎತ್ತಿಲ್ಲ. ನಾನು ಎತ್ತುತ್ತೇನೆ.

ಬಿಸಿಯೂಟದ ಸಾಲು ನೋಡಿ. ಮೊಟ್ಟೆ ಕೊಡುವ ದಿನ, ತಿನ್ನದವರಿಗೆ ಬಾಳೆಹಣ್ಣು. ಬಡಿಸಲು ಸುಲಭ ಅಂತ ‘ಮೊಟ್ಟೆಯವರು ಈ ಕಡೆ, ಬಾಳೆಹಣ್ಣಿನವರು ಆ ಕಡೆ’ ಅಂತ ಕೂರಿಸಿಬಿಡುತ್ತೇವೆ. ಯಾರಿಗೂ ಕೆಟ್ಟ ಉದ್ದೇಶ ಇರುವುದಿಲ್ಲ. ಆದರೆ ಕೆಲವೇ ವಾರಗಳಲ್ಲಿ ಅದು ಜಾತಿಯ ಸಾಲಾಗುತ್ತದೆ, ಧರ್ಮದ ಸಾಲಾಗುತ್ತದೆ. ಮಕ್ಕಳಿಗೆ ಎಲ್ಲ ಅರ್ಥವಾಗುತ್ತದೆ. ತರಗತಿ ಗುಡಿಸಲು, ನೀರು ತರಲು, ಶೌಚಾಲಯದ ಹತ್ತಿರದ ಕೆಲಸಕ್ಕೆ ನಮ್ಮ ಬಾಯಲ್ಲಿ ಯಾವ ಮಕ್ಕಳ ಹೆಸರು ಮೊದಲು ಬರುತ್ತದೆ ಅಂತ ಒಂದು ವಾರ ಬರೆದಿಟ್ಟು ನೋಡಿ. ಭಾಷಣಕ್ಕೆ, ಸ್ವಾಗತಕ್ಕೆ, ಅತಿಥಿಗಳಿಗೆ ಹೂ ಕೊಡಲು ಯಾರ ಹೆಸರು ಬರುತ್ತದೆ ಅಂತಲೂ ಬರೆಯಿರಿ. ಎರಡು ಪಟ್ಟಿ ಪಕ್ಕಪಕ್ಕ ಇಟ್ಟು ಓದಿ.

ಈ ವಿಷಯವಿಲ್ಲದೆ ನಿಮ್ಮ ತರಬೇತಿ ಮುಗಿದರೆ ನಮ್ಮ ಮಕ್ಕಳ ದಿನದ ಮುಖ್ಯ ಭಾಗವನ್ನೇ ಬಿಟ್ಟ ಹಾಗೆ. ಸಭೆಯಲ್ಲಿ ಇದನ್ನು ಎತ್ತಿದರೆ ಜಗಳ ಆಗಬಹುದು. ಅದಕ್ಕೇ ಮೊದಲ ತಿಂಗಳು ಬೇಡ, ಟೀಚರ್‌ಗಳಿಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಬಂದ ಮೇಲೆ, ನಾಲ್ಕನೆಯದೋ ಐದನೆಯದೋ ಸಭೆಗೆ ಇಡಿ. ಆದರೆ ಇಡಲೇಬೇಕು.

ಪೀಣ್ಯ_ಮೇಷ್ಟ್ರು

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಮೂವರೂ ಕೂತು ಮಾತಾಡಿದೆವು. ಮೊದಲು ನಲಿ ಕಲಿ ಕೋಣೆ ನೋಡುವುದು, ಆಮೇಲೆ ಕೂರಿಸುವುದು ಮತ್ತು ಕೇಳಿಸುವುದು, ಆಮೇಲೆ ಮೂರು ಸೆಕೆಂಡ್, ಜಿಗ್ಸಾ. ಜಾತಿ ಮತ್ತು ಊಟದ ಸಾಲಿನ ವಿಷಯ ದಸರಾ ರಜೆ ಮುಗಿದ ಮೇಲೆ. ಶಿವಾಜಿನಗರದ ಮೇಡಂ, ಆ ಸಭೆಗೆ ನೀವು ಬರಲು ಸಾಧ್ಯವೇ? ಸಿಆರ್‌ಪಿ ಕಡೆಯಿಂದ ಪತ್ರ ಕೊಡಿಸುತ್ತೇನೆ. ಹೆಡ್‌ಮಾಸ್ಟರ್‌ಗಳನ್ನು ಕರೆಯಲು ಅವರು ಒಪ್ಪಿದ್ದಾರೆ. ಹಾಳೆ ಬಿಇಒ ಕಚೇರಿಗೆ ಹೋಗುವುದಿಲ್ಲ ಅಂತಲೂ ಮಾತು ಕೊಟ್ಟಿದ್ದಾರೆ.

ಕೋಆರ್ಡಿನೇಟರ್ ಮೇಡಂ ಹೇಳಿದ ಟೀಚರ್‌ಗಳ ಮನಸ್ಸಿನ ಭಾರದ ವಿಷಯವೂ ಪ್ರತಿ ಸಭೆಯ ಮೊದಲ ಹತ್ತು ನಿಮಿಷದಲ್ಲಿ ಇರಲಿ ಅಂದುಕೊಂಡಿದ್ದೇವೆ. ತೀರಾ ಕಷ್ಟದಲ್ಲಿರುವವರಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಮೇಲೆ ದೌರ್ಜನ್ಯದ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098. ಎರಡೂ ನಂಬರ್ ಸ್ಟಾಫ್ ರೂಮಿನಲ್ಲಿ ಹಾಕುತ್ತೇವೆ.

ಸಂಪನ್ಮೂಲ ಮೇಡಂ, ಒಂದು ಪ್ರಶ್ನೆ. ಓದಲು ಒದ್ದಾಡುವ ಹುಡುಗಿ ಮುಂದೆ ಹೈಸ್ಕೂಲಿಗೆ ಹೋಗುತ್ತಾಳೆ. ಎಸ್‌ಎಸ್‌ಎಲ್‌ಸಿಯಲ್ಲಿ ಅವಳಿಗೆ ಏನಾದರೂ ಅನುಕೂಲ ಸಿಗುತ್ತದೆಯೇ? ಈಗಿಂದ ನಾವೇನು ಮಾಡಿಡಬೇಕು?

ಸಂಪನ್ಮೂಲ_ಶಿಕ್ಷಕಿ

ಸಿಗುತ್ತದೆ ಮೇಷ್ಟ್ರೇ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಸ್ಕ್ರೈಬ್ (ಉತ್ತರ ಬರೆದುಕೊಡುವವರು) ಕೇಳಬಹುದು. ತೊಂದರೆ ಆಗುವುದು ಹತ್ತನೇ ತರಗತಿಗೆ ಬಂದ ಮೇಲೆ ಓಡಾಡುವುದರಿಂದ. ಪರೀಕ್ಷೆ, ಮೌಲ್ಯಮಾಪನ, ಪ್ರಮಾಣಪತ್ರ, ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಎಲ್ಲಕ್ಕೂ ಸರದಿ ಕಾಯಬೇಕು. ಅಪ್ಪ ಅಮ್ಮ ಪ್ರತಿ ಸಲ ಕೂಲಿ ಬಿಟ್ಟು ಬರಬೇಕು.

ಹಾಗಾಗಿ ಈಗಲೇ ಶುರು ಮಾಡಿ. ಅವಳು ಬರೆದ ಕೆಲವು ಹಾಳೆಗಳನ್ನು ದಿನಾಂಕ ಹಾಕಿ ಒಂದು ಫೈಲಿನಲ್ಲಿ ಇಡಿ, ತಿದ್ದದೆ ಇಡಿ. ಬಾಯಲ್ಲಿ ಎಷ್ಟು ಚೆನ್ನಾಗಿ ಉತ್ತರ ಕೊಡುತ್ತಾಳೆ ಅನ್ನುವುದನ್ನೂ ಬರೆಯಿರಿ, ಮೌಲ್ಯಮಾಪನ ಮಾಡುವವರಿಗೆ ಅದು ಬಹಳ ಮುಖ್ಯ. ಮನೆಯವರ ಜೊತೆ ಮಾತಾಡುವಾಗ ‘ಮಗಳು ದಡ್ಡಿ’ ಅಂತ ಅವರಿಗೆ ಕೇಳಿಸದ ಹಾಗೆ ಮಾತಾಡಿ, ಅವಳಿಗೆ ಏನು ಚೆನ್ನಾಗಿ ಬರುತ್ತದೆ ಅನ್ನುವುದರಿಂದ ಶುರು ಮಾಡಿ. ನಿಮ್ಮ ಬ್ಲಾಕಿನ ಬಿಆರ್‌ಸಿಗೆ (ಸಂಪನ್ಮೂಲ ಕೇಂದ್ರ) ಒಂದು ಪತ್ರ ಕೊಡಿ, ಅಲ್ಲಿನ ಬಿಐಇಆರ್‌ಟಿ ಶಾಲೆಗೆ ಬರುತ್ತಾರೆ. ಎಂಟನೇ ತರಗತಿಗೆ ಟಿಸಿ ಕೊಡುವ ದಿನ ಆ ಫೈಲನ್ನೂ ಹೊಸ ಶಾಲೆಯ ಹೆಡ್‌ಮಾಸ್ಟರ್ ಕೈಗೆ ಕೊಡಿ. ಮಗು ಕೈಗೆ ಕೊಟ್ಟು ಕಳಿಸಬೇಡಿ.